ಸ್ಟೇರಿಂಗಿಗೆ ಕಟ್ಟಿದ್ದ ಕೆಂಪು ಬಟ್ಟೆ

ಠಾಣೆಯಲ್ಲಿ ನೆರೆದಿರುವ ಮಹನೀಯರೇ! ಮೇಜಿನ ಹಿಂದೆ ಕುಳಿತ ಇನ್ಸ್‌ಪೆಕ್ಟರ್ ಸಾಹೇಬರೇ, ಪೆನ್ನು ಹಿಡಿದ ರೈಟರ್ ಅವರೇ, ಬಾಗಿಲಲ್ಲಿ ನಿಂತ ಪೇದೆಯವರೇ, ಬೆಂಚಿನ ಮೇಲೆ ಸರದಿಗಾಗಿ ಕಾದಿರುವ ತಾಯಂದಿರೇ, ಅಣ್ಣಂದಿರೇ! ಎಲ್ಲರೂ ಕೇಳಬೇಕು. ಇದು ಮೂಲೆಯಲ್ಲಿ ನಿಂತು ಪಿಸುಗುಟ್ಟುವ ಮಾತಲ್ಲ.

ಇಷ್ಟು ಜೋರು ಬೇಡ, ಇಲ್ಲಿ ಯಾರ ಕಿವಿಯೂ ಕೆಟ್ಟಿಲ್ಲ, ಮೊದಲು ವಯಸ್ಸು, ಉದ್ಯೋಗ, ವಿಳಾಸ ಹೇಳಿ ಎಂದು ರೈಟರ್ ಅವರು ತಿಳಿಸಿದ್ದಾರೆ. ಅದರಂತೆ ಹೇಳುತ್ತೇನೆ.

ನಾನು, ಎಲ್ಲರೂ ನಗಾರಿ ಮೇಸ್ತ್ರಿ ಎಂದು ಕರೆಯುವವನು, ವಯಸ್ಸು ಐವತ್ತೆಂಟು ವರ್ಷ, ಉದ್ಯೋಗ ಟ್ರಕ್ಕುಗಳ ಎಂಜಿನ್ ಕಂಪ್ಯೂಟರ್ ಹದ ಮಾಡುವುದು, ವಾಸ ರೈಲು ಹಳಿಯ ಆಚೆ ಗುಜರಿ ಅಂಗಡಿಯ ಪಕ್ಕದ ಎರಡು ಬಾಗಿಲಿನ ಶೆಡ್ಡಿನ ಹಿಂಭಾಗದ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಇದೇ ತಿಂಗಳ 12ನೇ ತಾರೀಕು ಮಂಗಳವಾರ ಗುಡ್ಡದ ರಸ್ತೆಯಲ್ಲಿ ಕಲ್ಲು ಯಜಮಾನರ ಟ್ರಕ್ಕಿಗೆ ಬೆಂಕಿ ಬಿದ್ದು ಅವರ ತಮ್ಮನ ಕಾಲು ಮುರಿದ ಬಗ್ಗೆ ನನ್ನ ಸೊಸೆಯ ಮೇಲೆ ದೂರು ಇದೆ. ಅದೇ ದಿನ ಸಂಜೆ ನಾನು ಇದೇ ಠಾಣೆಯಲ್ಲಿ ಸಾಕ್ಷಿಯಾಗಿ ಬಾಯಿಮಾತಿನಲ್ಲಿ ಒಂದು ಹೇಳಿಕೆ ಕೊಟ್ಟಿದ್ದೆ. ಆ ಹೇಳಿಕೆಯಲ್ಲಿ ನಾನು ಕಂಡದ್ದನ್ನೇ ಹೇಳಿದ್ದೆ, ಆದರೂ ಅದು ತಪ್ಪು. ನಾಳೆ ಶುಕ್ರವಾರ ನನ್ನ ಸೊಸೆಯ ಮೇಲೆ ನಿರ್ಲಕ್ಷ್ಯದ ಪ್ರಕರಣ ದಾಖಲಾಗುವುದೆಂದು ತಿಳಿದಿರುವುದರಿಂದ, ಅದಕ್ಕೆ ಮುಂಚೆ ಈ ಹೊಸ ಹೇಳಿಕೆಯನ್ನು ನಾನಾಗಿಯೇ ಬಂದು ಬರೆಸುತ್ತಿದ್ದೇನೆ. ಯಾರ ಒತ್ತಾಯವೂ ಇಲ್ಲ.

ನನ್ನ ತಂದೆ ನಾಟಕ ಕಂಪನಿ ನಡೆಸುತ್ತಿದ್ದರು. ಒಂಬತ್ತನೇ ವಯಸ್ಸಿಗೆ ನಾನು ರಂಗದ ಮೇಲೆ ರಾಜಕುಮಾರ, ಪರದೆಯ ಹಿಂದೆ ಜನರೇಟರಿನ ಮೆಕ್ಯಾನಿಕ್. ಕಂಪನಿ ಮುಚ್ಚಿದ ಮೇಲೆ ರಾಜಕುಮಾರನಿಗೆ ಕೆಲಸ ಸಿಗಲಿಲ್ಲ, ಮೆಕ್ಯಾನಿಕ್‌ಗೆ ಸಿಕ್ಕಿತು. ಇದನ್ನು ಯಾಕೆ ಹೇಳುತ್ತಿದ್ದೀರಿ ಎಂದು ರೈಟರ್ ಅವರು ಕೇಳಿದರು. ಮುಂದೆ ಬೇಕಾಗುತ್ತದೆ, ಬರೆದುಕೊಳ್ಳಿ ಎಂದು ಕೋರಿದ್ದೇನೆ.

ಸೊಸೆ ಎಂದರೆ ನನ್ನ ಮಗನ ಹೆಂಡತಿ, ವಯಸ್ಸು ಮೂವತ್ತೊಂದು. ಮಗ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸದಲ್ಲಿದ್ದಾನೆ, ಸದ್ಯ ಸಮುದ್ರದ ಮೇಲಿದ್ದಾನೆ. ಶೆಡ್ಡಿನಲ್ಲಿ ಸ್ಪ್ಯಾನರ್ ನನ್ನದು, ಲ್ಯಾಪ್‌ಟಾಪ್ ಅವಳದು. ಆರು ವರ್ಷಗಳಲ್ಲಿ ಅವಳು ಹದ ಮಾಡಿದ ಇಪ್ಪತ್ತಮೂರು ಟ್ರಕ್ಕುಗಳು ಇಂದು ರಸ್ತೆಯ ಮೇಲಿವೆ. ಈ ಮಂಗಳವಾರದವರೆಗೆ ಅವಳ ಕೈಯಿಂದ ಹೋದ ಗಾಡಿಗೆ ಒಂದು ಪಿಸ್ಟನ್ ಹೋದದ್ದಿಲ್ಲ.

ಕಲ್ಲು ಯಜಮಾನರು ಕಲ್ಲಿನ ಚಪ್ಪಡಿ ಸಾಗಿಸುವವರು. ಗುಡ್ಡ ಹತ್ತುವಾಗ ಮಿಕ್ಕವರ ಟ್ರಕ್ಕುಗಳು ತಮ್ಮನ್ನು ಹಿಂದಿಕ್ಕಿ ಹೋಗುತ್ತವೆಂದು ಅವರು ಹೋದ ವರ್ಷ ತಮ್ಮ ಪೆಟ್ರೋಲ್ ಟ್ರಕ್ಕಿಗೆ ನಮ್ಮಲ್ಲಿ ಸೂಪರ್‌ಚಾರ್ಜರ್ ಹಾಕಿಸಿದರು. ಅದು ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲೂ ಹೆಚ್ಚು ಬೇಕು. ಪೂರ್ತಿ ಭಾರದಲ್ಲಿ ಒಂದು ಪಾಲು ಪೆಟ್ರೋಲಿಗೆ ಹನ್ನೊಂದೂವರೆ ಪಾಲು ಗಾಳಿ, ಇದು ನಾವು ಇಡುವ ಹದ. ಪೆಟ್ರೋಲು ಕಮ್ಮಿಯಾಗಿ ಗಾಳಿ ಹೆಚ್ಚಾದರೆ ಒಳಗಿನ ಬೆಂಕಿ ವಿಪರೀತ ಬಿಸಿಯಾಗಿ ಪಿಸ್ಟನ್ನನ್ನು ಮೇಣದಂತೆ ಕರಗಿಸುತ್ತದೆ. ಅದಕ್ಕೆಂದು ನಾವು ಕಂಪ್ಯೂಟರಿನಲ್ಲಿ ಒಂದು ಕಾವಲು ಇಡುತ್ತೇವೆ. ಭಾರ ಎಳೆಯುವಾಗ ಅಳತೆ ಹನ್ನೆರಡೂವರೆ ದಾಟಿ ಅರ್ಧ ಸೆಕೆಂಡು ನಿಂತರೆ ಕಂಪ್ಯೂಟರ್ ತಾನೇ ಆಕ್ಸಿಲರೇಟರ್ ಮುಚ್ಚುತ್ತದೆ. ಗಾಡಿ ನಿಧಾನವಾಗುತ್ತದೆ, ಚಾಲಕ ಬೈಯುತ್ತಾನೆ, ಎಂಜಿನ್ ಉಳಿಯುತ್ತದೆ.

ಕೆಲವು ಪರೀಕ್ಷೆಗೆ ಈ ಕಾವಲನ್ನು ಮಲಗಿಸಬೇಕಾಗುತ್ತದೆ. ಆಗ ಮಿತಿಯನ್ನು ಹದಿನೆಂಟಕ್ಕೆ ಏರಿಸುತ್ತೇವೆ. ಹಾಗೆ ಮಲಗಿಸಿದವರು ಅದೇ ಕ್ಷಣ ಆ ಗಾಡಿಯ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು, ಎರಡು ಗಂಟು. ಕಾವಲನ್ನು ಎಬ್ಬಿಸಿದ ಮೇಲೆ ಕಟ್ಟಿದವರೇ ಬಿಚ್ಚಬೇಕು. ಬಟ್ಟೆ ಇರುವ ಗಾಡಿಯ ಕೀಲಿಯನ್ನು ಯಾರಿಗೂ ಕೊಡುವಂತಿಲ್ಲ. ಶೆಡ್ಡಿನಲ್ಲಿ ಒಮ್ಮೊಮ್ಮೆ ಆರು ಗಾಡಿ ನಿಂತಿರುತ್ತವೆ. ನೆನಪನ್ನು ನಂಬಬೇಡ, ಬಟ್ಟೆಯನ್ನು ನಂಬು ಎಂದು ಈ ರೂಢಿಯನ್ನು ಹಾಕಿದವನು ನಾನೇ. ಬಟ್ಟೆಯನ್ನು ನಾಟಕ ಕಂಪನಿಯ ಹಳೆಯ ಮುಂಪರದೆಯಿಂದ ಕತ್ತರಿಸಿದ್ದು. ಅಂಚಿಗೆ ಸವೆದ ಜರಿ ಇದೆ. ಉದ್ದ ಎರಡು ಮೀಟರ್.

ಘಟನೆಯ ದಿನದ ವಿವರ ಹೀಗಿದೆ.

ದಿನಾಂಕ 12, ಬೆಳಿಗ್ಗೆ 10.15. ಕಲ್ಲು ಯಜಮಾನರು ತಮ್ಮನೊಂದಿಗೆ ಟ್ರಕ್ಕನ್ನು ತಂದು ಬಿಟ್ಟರು. ನಿನ್ನೆಯಿಂದ ಏರಿನಲ್ಲಿ ಕಾಲಿಟ್ಟರೆ ಗಾಡಿ ಮೇಲಿಂದ ಮೇಲೆ ಸೊರಗುತ್ತಿದೆ, ನಿಮ್ಮ ಕಾವಲುಗಾರನಿಗೆ ಹುಚ್ಚು ಹಿಡಿದಿದೆ ಎಂದು ದೂರಿದರು. ನಾನು, ಅಳತೆ ಹೇಳುವ ಸೆನ್ಸರೇ ಕೆಟ್ಟಿರಬಹುದು, ಸುಮ್ಮನೆ ಕೂಗುತ್ತಿದೆ ಎಂದೆ. ಸೊಸೆ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ, "ಮಾವ, ಸೆನ್ಸರ್ ನಿಮ್ ಥರ ಅಲ್ಲ, ಸುಮ್‌ಸುಮ್ನೆ ಕೂಗಲ್ಲ. ಏನೋ ಕಂಡಿರುತ್ತೆ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ಹೊತ್ತಿನಲ್ಲಿ ಅವಳು, ಪೆಟ್ರೋಲ್ ಫಿಲ್ಟರಿನಲ್ಲಿ ಕಲ್ಲಿನ ಧೂಳು ಕಟ್ಟಿದೆ, ಬದಲಾಯಿಸಬೇಕು ಎಂದು ಯಜಮಾನರಿಗೆ ಹೇಳಿದಳು. ಅವರು ಮುಂದಿನ ವಾರ ನೋಡೋಣ, ಇವತ್ತು ಆರು ಚಪ್ಪಡಿ ಗುಡ್ಡದ ಮೇಲಕ್ಕೆ ತಲುಪಬೇಕು ಎಂದರು.

ಮಧ್ಯಾಹ್ನ 2.40. ಸೊಸೆ ಗಾಡಿಯನ್ನು, ನಿಂತಲ್ಲೇ ಚಕ್ರ ಓಡಿಸಿ ಪರೀಕ್ಷಿಸುವ ರೋಲರಿನ ಮೇಲೆ ನಿಲ್ಲಿಸಿ, ಕಾವಲನ್ನು ಹದಿನೆಂಟಕ್ಕೆ ಏರಿಸಿ, ಕೆಂಪು ಬಟ್ಟೆ ಕಟ್ಟಿ ಓಡಿಸಿದಳು. ಅವಳು ಕಟ್ಟುವುದನ್ನು ಮಂಗಳವಾರ ನಾನು ಕಣ್ಣಾರೆ ನೋಡಿರಲಿಲ್ಲ. ಆಗ ನಾನು ಎಂಟು ಮೀಟರ್ ದೂರದಲ್ಲಿ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದೆ. ಸೈಲೆನ್ಸರ್ ಪೈಪಿನ ಜೋಡಣೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಒಡೆದು ಅಲ್ಲಿಂದ ಹೊರಗಿನ ಗಾಳಿ ಸೇರಿ ಸೆನ್ಸರಿಗೆ ಸುಳ್ಳು ಅಳತೆ ಕಾಣುತ್ತಿದೆ ಎಂದು ಅವಳು ಪತ್ತೆ ಹಚ್ಚಿದಳು. 3.20ಕ್ಕೆ ಹೊಸ ಗ್ಯಾಸ್ಕೆಟ್ ಕೂರಿಸಿದಳು. ಅದು ಒಮ್ಮೆ ಬಿಸಿಯಾಗಿ ತಣಿದ ಮೇಲೆ ಬೋಲ್ಟ್ ಬಿಗಿದು, ಇನ್ನೊಂದು ಓಟ ಓಡಿಸಿ, ಆಮೇಲೆ ಕಾವಲನ್ನು ಎಬ್ಬಿಸಬೇಕು. ತಣಿಯಲು ಮುಕ್ಕಾಲು ಗಂಟೆ ಬೇಕು.

3.25. ಸೊಸೆ ಮಗುವನ್ನು ಶಾಲೆಯಿಂದ ಕರೆತರಲು ಹೊರಟಳು. ಗಾಡಿಯ ಕೆಳಗಿದ್ದ ನನಗೆ ಅವಳ ಚಪ್ಪಲಿ ಮಾತ್ರ ಕಂಡಿತು. ಏನೋ ಹೇಳಿದಳು. ನಾನು "ಆಯ್ತಮ್ಮ" ಎಂದೆ. ಬಟ್ಟೆ ಇರುವಾಗ ಯಾರ ಮಾತನ್ನೂ ಪೂರ್ತಿ ಕೇಳಬೇಕಾಗಿಲ್ಲ ಎಂಬುದು ನಮ್ಮ ಶೆಡ್ಡಿನ ನೆಮ್ಮದಿ.

3.40. ಯಜಮಾನರು, ಅವರ ತಮ್ಮ ಬಂದರು. ಪಕ್ಕದ ಅಂಗಡಿಯ ಟೈರ್ ಮಾಮ ಎಂಬುವರೂ ಕೈ ಒರೆಸಿಕೊಳ್ಳುತ್ತ ಬಂದು ಸೇರಿದರು. ನಾನು ಮೇಲೆದ್ದು ಕಲ್ಲಿನ ಗಾಡಿಯ ಬಾಗಿಲಿಗೆ ಒರಗಿ ನಿಂತೆ. ಬಾಗಿಲಿನ ಗಾಜು ಇಳಿಸಿತ್ತು. ಯಜಮಾನರ ತಮ್ಮನಿಗೆ ನನ್ನ ನಾಟಕದ ಮಾತೆಂದರೆ ಪ್ರಾಣ. ಅವರು, "ಮೇಸ್ತ್ರಿ, ರಾಜನ್ನ ಕರೀರಿ ಒಂದ್ಸಲ," ಎಂದರು. ಯಜಮಾನರು, "ರಾಜ ಬಂದ್ರೆ ನಮ್ ಗಾಡಿ ಹೋಗೋದು ನಾಡಿದ್ದು," ಎಂದರು. ಟೈರ್ ಮಾಮ, "ಕರೀರಪ್ಪ, ಅವರ ದನಿಗೆ ನನ್ನ ಟ್ಯೂಬೆಲ್ಲ ತಾವಾಗೇ ಉಬ್ಬಲಿ. ಕರೆಂಟಾದ್ರೂ ಉಳಿಯುತ್ತೆ," ಎಂದರು.

ಕರೆದ ಮೇಲೆ ರಾಜ ಬಾರದೆ ಇರುತ್ತಾನೆಯೇ ಸ್ವಾಮಿ?

ಅದು ನನ್ನ ತಂದೆ ಬರೆದ ದೃಶ್ಯ. ಯುದ್ಧದಿಂದ ಮರಳಿದ ರಾಜ ತನ್ನದೇ ಕೋಟೆಯ ಬಾಗಿಲಲ್ಲಿ ನಿದ್ದೆ ಹೋದ ಕಾವಲುಗಾರನನ್ನು ಕಾಣುತ್ತಾನೆ. "ಎಲೈ ದ್ವಾರಪಾಲಕ! ಊರು ಮಲಗಬಹುದು, ಉಗ್ರಾಣ ಮಲಗಬಹುದು, ಅರಸನೂ ಅರೆಗಳಿಗೆ ಮಲಗಬಹುದು. ನಿನ್ನ ಕಣ್ಣಿಗೆ ರೆಪ್ಪೆ ಕೊಟ್ಟವರಾರು?" ಎಂದು ಮೊದಲಾಗುತ್ತದೆ. ಆ ಮಾತಿಗೆ ರಾಜ ಉತ್ತರೀಯವನ್ನು ಹೆಗಲಿಗೆ ಬೀಸಬೇಕು. ಉತ್ತರೀಯವಿಲ್ಲದೆ ಆ ರಾಜ ಬರುವುದಿಲ್ಲ. ಯಾವಾಗಲೂ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತೇನೆ: ಟವೆಲ್ಲು, ಗೋಣಿ, ಒಮ್ಮೆ ಸೀಟಿನ ಹೊದಿಕೆ.

3.46ರ ಸುಮಾರಿಗೆ ನಾನು ಗಾಜು ಇಳಿಸಿದ ಬಾಗಿಲಿನಿಂದ ಕೈ ಒಳಹಾಕಿ ಸ್ಟೇರಿಂಗಿನಿಂದ ಕೆಂಪು ಬಟ್ಟೆಯನ್ನು ಬಿಚ್ಚಿದೆ.

ಎರಡು ಗಂಟನ್ನು ಬಿಚ್ಚುವುದು ಗೊತ್ತಾಗದೆ ಹೇಗೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಲವತ್ತು ವರ್ಷದಿಂದ ನನ್ನ ಬಾಯಿ ಗಿರಾಕಿಗೆ ಕಥೆ ಹೇಳುತ್ತಿದ್ದರೆ ಕೈ ತನ್ನಷ್ಟಕ್ಕೆ ನಟ್ಟು ಬಿಚ್ಚುತ್ತಿರುತ್ತದೆ. ಕೈಯನ್ನು ನಾನು ನೋಡುವುದೇ ಇಲ್ಲ. ಇದನ್ನು ಜನ ನನ್ನ ಹೆಚ್ಚುಗಾರಿಕೆ ಎಂದು ಹೊಗಳುತ್ತಿದ್ದರು, ನಾನೂ ಒಪ್ಪಿಕೊಳ್ಳುತ್ತಿದ್ದೆ. ಇದು ಉತ್ತರವೇ ಹೊರತು ಸಮಜಾಯಿಷಿ ಅಲ್ಲ.

ದೃಶ್ಯ ಹನ್ನೆರಡು ನಿಮಿಷ ನಡೆಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಯಜಮಾನರ ತಮ್ಮ. 3.58ಕ್ಕೆ ಸ್ಟೂಲಿನ ಮೇಲೆ ಕುಳಿತು ನೀರು ಕುಡಿದು, ಬಟ್ಟೆಯಿಂದ ಮುಖ ಒರೆಸಿಕೊಂಡು, ಅದನ್ನು ಮಡಚಿ ನನ್ನ ಮೇಲಂಗಿಯ ಒಳಜೇಬಿಗೆ ಹಾಕಿಕೊಂಡೆ. ಟವೆಲ್ಲು ಇಡುವ ಜೇಬು ಅದು.

4.02. ಯಜಮಾನರು, "ಮೇಸ್ತ್ರಿ, ಗಾಡಿ ಆಯ್ತಾ? ತಗೊಂಡು ಹೋಗ್ಲಾ?" ಎಂದು ಕೇಳಿದರು. ನಾನು ರೂಢಿಯ ಪ್ರಕಾರ ಗಾಡಿಯ ಹತ್ತಿರ ಹೋಗಿ, ಕುತ್ತಿಗೆ ಬಗ್ಗಿಸಿ ಸ್ಟೇರಿಂಗ್ ನೋಡಿದೆ. ಬಟ್ಟೆ ಇರಲಿಲ್ಲ. ಸೊಸೆ ಕೆಲಸ ಮುಗಿಸಿ ಬಿಚ್ಚಿದ್ದಾಳೆ ಎಂದುಕೊಂಡೆ. ಕೊಕ್ಕೆಯಿಂದ ಕೀಲಿ ತೆಗೆದು ನನ್ನ ಕೈಯಾರೆ ಯಜಮಾನರ ಅಂಗೈಗೆ ಇಟ್ಟೆ. ಗಾಡಿ ಶೆಡ್ಡಿನಿಂದ ಹೊರಟಿತು. ಯಜಮಾನರ ತಮ್ಮ ಕಿಟಕಿಯಿಂದ ಕೈ ಹೊರಹಾಕಿ, "ಎಲೈ ದ್ವಾರಪಾಲಕ!" ಎಂದು ಕೂಗಿ ಹೋದರು.

4.11. ಸೊಸೆ ಮಗುವಿನೊಂದಿಗೆ ಬಂದಳು. ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಅವಳು ಮಗುವಿನ ಚೀಲವನ್ನು ನೆಲಕ್ಕೆ ಬಿಟ್ಟಳು. "ಮಾವ, ಕಲ್ಲಿನ ಗಾಡಿ ಎಲ್ಲಿ?" ಎಂದಳು. ಹೋಯಿತಲ್ಲ ಎಂದೆ. "ಬಟ್ಟೆ ಕಟ್ಟಿದ್ನಲ್ಲ!" ಎಂದಳು. ಇರಲಿಲ್ಲಮ್ಮ, ನಾನೇ ನೋಡಿ ಕೊಟ್ಟೆ ಎಂದೆ. ಅವಳು ಫೋನ್ ಕೈಗೆ ತೆಗೆದುಕೊಂಡಳು. 4.12, 4.13, 4.15ಕ್ಕೆ ಯಜಮಾನರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಫೋನು ಗಾಡಿಯ ಡ್ರಾಯರಿನಲ್ಲಿತ್ತು ಎಂದು ಆಮೇಲೆ ತಿಳಿಯಿತು. ಮಗುವನ್ನು ಟೈರ್ ಮಾಮನ ಬಳಿ ಬಿಟ್ಟು, 4.18ಕ್ಕೆ ಅವಳು ಸ್ಕೂಟರ್ ಓಡಿಸಿದಳು, ನಾನು ಹಿಂದೆ ಕುಳಿತೆ. ಅವಳ ಹೆಲ್ಮೆಟ್ಟಿನ ಕೊಂಡಿ ಹಾಕಿರಲಿಲ್ಲ. ಹಾಕಿಕೋ ಎಂದು ಎರಡು ಸಲ ಹೇಳಿದೆ.

ಶೆಡ್ಡಿನಿಂದ ಕಲ್ಲಿನ ಅಂಗಳಕ್ಕೆ 3.2 ಕಿಲೋಮೀಟರ್. 4.25ಕ್ಕೆ ಅಲ್ಲಿಗೆ ತಲುಪಿದಾಗ, ಟ್ರೈಲರ್ ಸಿಕ್ಕಿಸಿಕೊಂಡು ಆರು ಚಪ್ಪಡಿಯೊಂದಿಗೆ ಈಗತಾನೆ ಹೋದರು ಎಂದು ಕಾವಲಿನವನು ಹೇಳಿದ. ಅಲ್ಲಿಂದ ಗುಡ್ಡದ ಬುಡಕ್ಕೆ 2.6 ಕಿಲೋಮೀಟರ್. ದಾರಿಯಲ್ಲಿ ರೈಲು ಗೇಟು ಹಾಕಿತ್ತು. ಒಂಬತ್ತು ನಿಮಿಷ ನಿಂತೆವು. ಮೂವತ್ತೆರಡು ಬೋಗಿಗಳು ಹೋದವು. ಅವಳು ಎಣಿಸುತ್ತಿದ್ದಳು, ಸದ್ದಿಲ್ಲದೆ ತುಟಿ ಆಡುತ್ತಿತ್ತು.

4.41. ಗುಡ್ಡದ ಬುಡದಿಂದಲೇ ಹೊಗೆ ಕಂಡಿತು. ಎರಡನೇ ತಿರುವಿನಲ್ಲಿ, ಬುಡದಿಂದ 1.4 ಕಿಲೋಮೀಟರ್ ಮೇಲೆ, ಟ್ರಕ್ಕು ರಸ್ತೆಗೆ ಅಡ್ಡ ನಿಂತಿತ್ತು. ಬಾನೆಟ್ಟಿನ ಕೆಳಗೆ ಬೆಂಕಿ. ಯಜಮಾನರು ಹೇಳಿದ ಪ್ರಕಾರ, ಏರಿನಲ್ಲಿ ಪೂರ್ತಿ ಒತ್ತಿದಾಗ ಒಂದು ಕಡೆ ಟಪ್ ಎಂದಿತು, ನೀಲಿ ಹೊಗೆ ಬಂತು, ಎಣ್ಣೆ ಚಿಮ್ಮಿ ಬಿಸಿ ಪೈಪಿನ ಮೇಲೆ ಬಿದ್ದು ಹೊತ್ತಿಕೊಂಡಿತು. ಎಂಜಿನ್ ನಿಂತು ಬ್ರೇಕಿನ ಬಲ ಹೋಯಿತು. ಟ್ರೈಲರ್ ಹಿಂದಕ್ಕೆ ಜಾರತೊಡಗಿತು. ಯಜಮಾನರ ತಮ್ಮ ಚಕ್ರಕ್ಕೆ ಕಲ್ಲು ಕೊಡಲು ಕೆಳಗೆ ಹಾರಿದರು. ಟ್ರೈಲರ್ ಹದಿನೆಂಟು ಮೀಟರ್ ಹಿಂದೆ ಸರಿದು ತಡೆಗೋಡೆಗೆ ಬಡಿಯಿತು. ಅವರ ಎಡಗಾಲು ಎರಡರ ನಡುವೆ ಸಿಕ್ಕಿತು.

ಸೊಸೆ ಸ್ಕೂಟರನ್ನು ನಿಲ್ಲಿಸದೆ ಕೆಡವಿ, ಯಜಮಾನರ ಕ್ಯಾಬಿನ್ನಿನಿಂದ ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಬೆಂಕಿ ನಂದಿಸಿದಳು. ನಾನು, ಯಜಮಾನರು ಸೇರಿ ಜಾಕ್ ಕೊಟ್ಟು ಟ್ರೈಲರನ್ನು ನಾಲ್ಕು ಅಂಗುಲ ಸರಿಸಿ ಕಾಲು ಬಿಡಿಸಿದೆವು. ಯಜಮಾನರ ತಮ್ಮ ಪ್ರಜ್ಞೆಯಲ್ಲಿದ್ದರು. ನನ್ನನ್ನು ನೋಡಿ, "ಮೇಸ್ತ್ರಿ, ಕೈ ಹಿಡ್ಕೊಳ್ಳಿ," ಎಂದರು. ಹಿಡಿದುಕೊಂಡೆ. ಕೆಳಗೆ ಹಾರುವಾಗ ಬಿಸಿ ಬಾನೆಟ್ಟಿಗೆ ತಗುಲಿ ಅವರ ಅಂಗೈ ಸುಟ್ಟಿತ್ತು, ಅದು ನನಗೆ ಗೊತ್ತಾಗಲಿಲ್ಲ. ಅವರು ಹೇಳಲಿಲ್ಲ. ಆಂಬುಲೆನ್ಸ್ 5.06ಕ್ಕೆ ಬಂತು. ಕಾಲು ಎರಡು ಕಡೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ.

ಅದೇ ಸಂಜೆ 6.30ಕ್ಕೆ ಯಜಮಾನರು ದೂರು ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ಕಾವಲನ್ನು ಹದಿನೆಂಟಕ್ಕೆ ಏರಿಸಿದ ದಾಖಲೆ ಸೊಸೆಯ ಹೆಸರಿನಲ್ಲಿ 2.40ಕ್ಕೆ ಇತ್ತು, ಇಳಿಸಿದ ದಾಖಲೆ ಇರಲಿಲ್ಲ. 7.15ಕ್ಕೆ ಇದೇ ಮೇಜಿನ ಮುಂದೆ ನನ್ನನ್ನು ಕೇಳಿದಾಗ ನಾನು ಎದೆ ತಟ್ಟಿ ಹೇಳಿದೆ: "ಸಾಹೇಬರೇ, ಈ ಎರಡು ಕಣ್ಣಿಂದ ನೋಡಿದೀನಿ. ಸ್ಟೇರಿಂಗಿನ ಮೇಲೆ ಬಟ್ಟೆ ಇರ್ಲಿಲ್ಲ." ದನಿ ಹೊರಗಿನ ಬೆಂಚಿನವರೆಗೂ ಹೋಗಿರಬೇಕು. ಆ ಬೆಂಚಿನ ಮೇಲೆ ಸೊಸೆ ಕುಳಿತಿದ್ದಳು.

ದಿನಾಂಕ 13, ಬುಧವಾರ, ಬೆಳಿಗ್ಗೆ 10 ಗಂಟೆಗೆ ಅವಳನ್ನು ವಿಚಾರಣೆಗೆ ಕರೆದು ಲ್ಯಾಪ್‌ಟಾಪ್ ವಶಕ್ಕೆ ಪಡೆಯಲಾಯಿತು. ಬಟ್ಟೆ ಕಟ್ಟಿದ್ದೆ ಎಂದು ಅವಳು ಮೊದಲು ಹೇಳಿದಳಂತೆ. ಮಾವ ನೋಡಿದಾಗ ಇರಲಿಲ್ಲವಂತಲ್ಲ ಎಂದು ತೋರಿಸಿದಾಗ, ಹಾಗಾದರೆ ಕಟ್ಟಲು ಮರೆತಿರಬೇಕು ಎಂದು ಸಹಿ ಮಾಡಿದಳಂತೆ. ಮಾವನ ಕಣ್ಣನ್ನು ಅವಳು ತನ್ನ ಕೈಗಿಂತ ಹೆಚ್ಚು ನಂಬಿದಳು. ಇದನ್ನು ಹಾಗೆಯೇ ಬರೆಯಬೇಕೆಂದು ಕೋರುತ್ತೇನೆ.

ಅಂದು ಮಧ್ಯಾಹ್ನ 3 ಗಂಟೆಗೆ ನಾನು ಶೆಡ್ಡಿಗೆ ಹೋದಾಗ ಅವಳು ನಮ್ಮ ಸ್ವಂತ ವ್ಯಾನಿನಲ್ಲಿ ಕುಳಿತಿದ್ದಳು. ಸ್ಟೇರಿಂಗಿಗೆ ಒಂದು ಹಳೆಯ ದುಪಟ್ಟಾವನ್ನು ಎರಡು ಗಂಟು ಹಾಕಿ ಕಟ್ಟುವಳು, ಬಾಗಿಲನ್ನು ಜೋರಾಗಿ ಹಾಕುವಳು, ವ್ಯಾನನ್ನು ಅಲುಗಾಡಿಸುವಳು, ಗಂಟು ತಾನಾಗಿ ಕಳಚುತ್ತದೆಯೇ ಎಂದು ನೋಡುವಳು, ಬಿಚ್ಚಿ ಮತ್ತೆ ಕಟ್ಟುವಳು. ನಾನು ಬಾಗಿಲ ಮರೆಯಲ್ಲಿ ನಿಂತು ಹನ್ನೊಂದು ಸಲ ಎಣಿಸಿದೆ. ಒಂದು ಸಲವೂ ಕಳಚಲಿಲ್ಲ. ನಾನು ಕೆಮ್ಮಿ ಒಳಗೆ ಹೋದೆ. ಅವಳು ದುಪಟ್ಟಾವನ್ನು ಹೆಗಲಿಗೆ ಹಾಕಿಕೊಂಡು, ಚಹಾ ಬೇಕಾ ಮಾವ ಎಂದು ಕೇಳಿದಳು. ಮಂಗಳವಾರ ಸಂಜೆಯಿಂದ ಅವಳು ಊಟಕ್ಕೆ ಕುಳಿತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.

ದಿನಾಂಕ 14, ಗುರುವಾರ, ಅಂದರೆ ಈ ದಿನ, ಬೆಳಿಗ್ಗೆ 6.40. ನನ್ನ ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನ ಮೇಲಂಗಿಯ ಜೇಬುಗಳನ್ನು ಬರಿದು ಮಾಡುತ್ತಿದ್ದಳು. ಹಲ್ಲುಜ್ಜುತ್ತಿದ್ದ ನನ್ನನ್ನು ಕರೆದು, "ಇದೇನ್ರೀ ಇದು?" ಎಂದಳು. ಕೈಯಲ್ಲಿ ಕೆಂಪು ಬಟ್ಟೆ, ಅಂಚಿಗೆ ಜರಿ. ಮಡಿಕೆಯಲ್ಲಿ ನನ್ನ ಬೆವರಿನ ಕಪ್ಪು ಗುರುತು.

ಮುಂದಿನ ಹತ್ತು ನಿಮಿಷ ನಾನು ಆ ಕಲ್ಲಿನ ಮೇಲೆ ಕುಳಿತಿದ್ದೆ. ಬ್ರಷ್ಷು ಬಾಯಲ್ಲಿ ಹಾಗೇ ಇತ್ತು. ಇವರಿಗೆ ಲಕ್ವ ಹೊಡೆಯಿತೇನೋ ಎಂದು ಹೆದರಿ ಹೆಂಡತಿ ಟೈರ್ ಮಾಮನನ್ನು ಕೂಗಿದಳು.

7.00. ಟೈರ್ ಮಾಮ ಬಂದು ಬಟ್ಟೆ ನೋಡಿದರು. "ನೀವೇ ಬಿಚ್ಚಿದ್ರಲ್ಲ ಮೇಸ್ತ್ರಿ. ಮಾತು ಶುರುವಾಗೋಕೆ ಮುಂಚೆ. ನಾನು ನೋಡ್ದೆ," ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ ಶೆಡ್ಡು, ನಿಮ್ ಬಟ್ಟೆ. ಅದು ಏನಕ್ಕೆ ಕಟ್ತೀರಿ ಅಂತ ನನಗೇನು ಗೊತ್ತು? ಅಲಂಕಾರಕ್ಕೆ ಅಂದ್ಕೊಂಡಿದ್ದೆ," ಎಂದರು. ಆಮೇಲೆ ಅವರ ಸ್ವಭಾವಕ್ಕೆ ಒಗ್ಗದ ಸಣ್ಣ ದನಿಯಲ್ಲಿ, "ಒಲೆಗೆ ಹಾಕ್ಬಿಡಿ. ನಾನಂತೂ ಬಾಯಿ ಬಿಡಲ್ಲ. ನಿಮ್ ಹೆಸರು ಹೋದ್ರೆ ಶೆಡ್ಡೇ ಹೋಯ್ತು. ಅವಳಿಗಿನ್ನೂ ವಯಸ್ಸಿದೆ, ತಡ್ಕೋತಾಳೆ," ಎಂದರು. ಟೈರ್ ಮಾಮ ಕೆಟ್ಟವರಲ್ಲ. ಮೂವತ್ತು ವರ್ಷದ ನೆರೆಯವರು, ನನ್ನ ಮೇಲಿನ ಪ್ರೀತಿಗೆ ಹೇಳಿದ ಮಾತು. ಆ ಮಾತನ್ನು ನಾನು ಕೂಡಲೇ ತಳ್ಳಿಹಾಕಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಒಲೆ ಹೊತ್ತಿತ್ತು. ನಾನು ಕುಳಿತಲ್ಲಿಂದ ನಾಲ್ಕು ಹೆಜ್ಜೆ.

ಹೆಂಡತಿ ಅವರ ಕಡೆ ತಿರುಗಿ, "ಅಣ್ಣ, ನಿಮ್ ಟೈರಿಗೆ ತೇಪೆ ಹಾಕ್ಕೊಳ್ಳಿ. ನಮ್ ಮನೆಗೆ ಬೇಡ," ಎಂದಳು.

7.25. ಸೊಸೆ ಅಡುಗೆಮನೆಯಲ್ಲಿ ಮಗುವಿಗೆ ಜಡೆ ಹಾಕುತ್ತಿದ್ದಳು. ನಾನು ಬಟ್ಟೆಯನ್ನು ಅವಳ ಮುಂದೆ ಇಟ್ಟೆ. "ನನ್ ಜೇಬಲ್ಲಿತ್ತಮ್ಮ," ಎಂದಷ್ಟೇ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಜಡೆ ಹಾಕಿ ಮುಗಿಸಿದಳು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಎರಡು ಗಂಟು ಹಾಕಿದ್ದೆ ಮಾವ. ನೋಡಿ, ಸುಕ್ಕು ಇನ್ನೂ ಇದೆ. ಇಲ್ಲೊಂದು, ಇಲ್ಲೊಂದು," ಎಂದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅತ್ತೆ, ತಿನ್ನೋಕೆ ಏನಾದ್ರೂ ಇದ್ಯಾ?" ಎಂದು ಕೇಳಿದಳು.

ಅವಳು ತಿಂದು ಮುಗಿಸುವವರೆಗೂ ನಾನು ಎದುರಿಗೆ ನಿಂತಿದ್ದೆ. ಮೂರನೇ ಸಲ ಹಾಕಿಸಿಕೊಂಡಾಗ ಹೊರಟೆ.

ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದು, "ಅಲ್ಲಿ ಹೋಗಿ ನಾಟಕ ಮಾಡ್ಬೇಡಿ. ಮಾತು ಕಮ್ಮಿ ಇರಲಿ," ಎಂದಿದ್ದಳು. ಆರಂಭದಲ್ಲಿ ನಾನು ಅದನ್ನು ಪಾಲಿಸಲಿಲ್ಲ. ಮಂಗಳವಾರ ಬೆಂಚಿನವರಿಗೆಲ್ಲ ಕೇಳುವಂತೆ ಅವಳ ಮೇಲೆ ಹೊರಿಸಿದವನು, ಇಂದು ಬೆಂಚಿನವರಿಗೆಲ್ಲ ಕೇಳುವಂತೆಯೇ ಇಳಿಸಬೇಕಲ್ಲವೇ. ಅಷ್ಟಕ್ಕೇ ದನಿ ಎತ್ತಿದ್ದು.

ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದ ಪ್ರಶ್ನೆಗೆ ಉತ್ತರ: ಹೌದು, ಫಿಲ್ಟರಿನಲ್ಲಿ ಧೂಳು ಕಟ್ಟಿ ಪೆಟ್ರೋಲಿನ ಒತ್ತಡ ಬಿದ್ದದ್ದರಿಂದಲೇ ಏರಿನಲ್ಲಿ ಗಾಳಿ ಹೆಚ್ಚಾಗಿ ಪಿಸ್ಟನ್ ಕರಗಿದೆ. ಕರಗಿದ ಪಿಸ್ಟನ್ ಠಾಣೆಯ ವಶದಲ್ಲಿದೆ, ನೋಡಬಹುದು. ಹೌದು, ಬದಲಾಯಿಸಿ ಎಂದು ನನ್ನ ಸೊಸೆ ಹೇಳಿದ್ದಳು, ಯಜಮಾನರು ಮುಂದೂಡಿದರು. ಆದರೆ ಅದರ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ. ಫಿಲ್ಟರ್ ಕಟ್ಟುತ್ತದೆ, ಪಂಪು ಸೋಲುತ್ತದೆ, ಮನುಷ್ಯ ಮುಂದಿನ ವಾರ ಎನ್ನುತ್ತಾನೆ. ಕಾವಲು ಇಟ್ಟಿರುವುದೇ ಅಂಥ ದಿನಕ್ಕೆ. ಕಾವಲು ಎದ್ದಿದ್ದರೆ ಆ ದಿನ ಗಾಡಿ ಏರಿನಲ್ಲಿ ಸೊರಗಿ ನಿಲ್ಲುತ್ತಿತ್ತು, ಯಜಮಾನರು ನನಗೆ ಫೋನ್ ಮಾಡಿ ನನ್ನ ವಂಶವನ್ನೆಲ್ಲ ಬೈಯುತ್ತಿದ್ದರು, ಅವರ ತಮ್ಮ ಎರಡು ಕಾಲಿನ ಮೇಲೆ ನಿಂತು ನಗುತ್ತಿದ್ದರು. ಕಾವಲು ಮಲಗಿದೆ ಎಂದು ಹೇಳುವ ಗುರುತನ್ನು ತೆಗೆದವನು ನಾನು. ಗುರುತು ಇಲ್ಲವೆಂದು ನೋಡಿ ಕೀಲಿ ಕೊಟ್ಟವನೂ ನಾನು.

ಸದರಿ ಕೆಂಪು ಬಟ್ಟೆಯನ್ನು ಗಂಟಿನ ಸುಕ್ಕು ಕೆಡದಂತೆ ಕಾಗದದಲ್ಲಿ ಸುತ್ತಿ ತಂದು ಹಾಜರುಪಡಿಸಿದ್ದೇನೆ. ಟೈರ್ ಮಾಮ ತಾವು ಕಂಡದ್ದನ್ನು ಹೇಳಲು ಬಂದಿದ್ದಾರೆ. ಹೊರಗೆ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತವರೇ ಅವರು. ಮಂಗಳವಾರದ ನನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಮರೆತಿರಬೇಕು ಎಂದು ಸೊಸೆ ಬುಧವಾರ ಮಾಡಿದ ಸಹಿ ನನ್ನ ಮಾತನ್ನು ನಂಬಿ ಮಾಡಿದ್ದು, ಅದನ್ನು ಅವಳ ವಿರುದ್ಧ ಬಳಸಬಾರದು. ಕ್ರಮ ಜರುಗಿಸುವುದಿದ್ದರೆ ನನ್ನ ಮೇಲೆ ಜರುಗಿಸಬೇಕು.

ನಾನು ಹೇಳಿದ ಪ್ರಕಾರ ರೈಟರ್ ಅವರು ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಕೇಳಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ಬಣ್ಣ ಹಚ್ಚಿದ್ದಿಲ್ಲ. ನಡೆದದ್ದು ಇಷ್ಟೇ, ಇದು ಸತ್ಯ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನಾಂಕ: 14, ಗುರುವಾರ, ಮಧ್ಯಾಹ್ನ 12.50
ಸಹಿ: (ನಗಾರಿ ಮೇಸ್ತ್ರಿ)

ಸಹಿಯ ನಂತರ ಸೇರಿಸಿದ್ದು: ತನಿಖೆಗೆ ಬೇಕಾದರೆ ನಾಳೆ ಎಲ್ಲಿ ಸಿಗುತ್ತೀರಿ ಎಂದು ಕೇಳಿದ್ದಕ್ಕೆ ತಿಳಿಸುವುದೇನೆಂದರೆ, ನಾಳೆ ಬೆಳಿಗ್ಗೆ 8 ಗಂಟೆಗೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಯಜಮಾನರ ತಮ್ಮನ ಮಂಚದ ಪಕ್ಕ ನಿಂತು, ಇಲ್ಲಿ ಬರೆಸಿದ್ದಷ್ಟನ್ನೂ ದನಿ ಎತ್ತದೆ ಅವರಿಗೆ ಹೇಳುತ್ತೇನೆ. ಅವರು ಏನು ಅನ್ನುತ್ತಾರೋ ಅದನ್ನು ಪೂರ್ತಿ ಕೇಳುತ್ತೇನೆ. 9.30ಕ್ಕೆ ಶೆಡ್ಡಿನ ಬಾಗಿಲು ತೆಗೆದು, ಕೊಕ್ಕೆಯ ಮೇಲಿನ ಕೀಲಿಗಳನ್ನೆಲ್ಲ ಸೊಸೆಯ ಮೇಜಿನ ಮೇಲಿಟ್ಟು, ಅವಳು ತೋರಿಸಿದ ಗಾಡಿಯ ಕೆಳಗೆ ಮಲಗಿ, ಅವಳು ಹೇಳಿದ ಬೋಲ್ಟನ್ನು, ನನ್ನ ಕೈಯನ್ನೇ ನೋಡುತ್ತ, ಬಿಗಿಯುತ್ತೇನೆ.